ಕಪ್ಪು ದಾರ

"ಮತ್ತೆ ವಾಪಸ್ ಬಂತಾ ಅಕ್ಕ?" ಎನ್ನುತ್ತ ಅಂಚೆ ಗುಮಾಸ್ತ ಬಟ್ಟೆ ಸುತ್ತಿ ಹೊಲಿದ ಆ ಪಾರ್ಸಲನ್ನು ತಕ್ಕಡಿಯ ಮೇಲಿಟ್ಟ.

"ಬರದೆ ಇನ್ನೇನು? ನನ್ನ ತಂಗಿಗೆ ನಾನು ಹೊಲಿದ ಬಟ್ಟೆನೂ ಬೇಡ, ನಾನೂ ಬೇಡ. ಮತ್ತೆ ಕಳಿಸೋದು ಇದೇ ಕೊನೆ ಸಲ, ನಂಗೂ ಸಾಕಾಗಿ ಹೋಗಿದೆ. ಸ್ಟಾಂಪ್ ಕೊಡಪ್ಪ," ಎಂದಳು ದರ್ಜಿ ಹೆಂಗಸು. ದಿನವಿಡೀ ಮಷೀನ್ ತುಳಿದ ಅವಳ ಕಾಲುಗಳು ಸೆಳೆಯುತ್ತಿದ್ದವು.

"ಹೋದ ಸಲಕ್ಕಿಂತ ಭಾರ ಇದೆಯಲ್ಲ?"

"ನಾನು ಬಿಚ್ಚೇ ಇಲ್ಲ. ಬಂದ ಹಾಗೇ ಚೀಲಕ್ಕೆ ಹಾಕ್ಕೊಂಡು ಬಂದೆ. ನಿನ್ನ ತಕ್ಕಡಿಗೂ ನನ್ನ ಹಾಗೆ ವಯಸ್ಸಾಗಿರಬೇಕು."

ಸ್ಟಾಂಪಿಗೆ ಅಂಟು ಸವರಿ ಪಾರ್ಸಲನ್ನು ತನ್ನತ್ತ ಎಳೆದುಕೊಂಡವಳ ಬೆರಳು ಅಂಚಿನ ಹೊಲಿಗೆಯ ಮೇಲೆ ನಿಂತಿತು. ಅವಳು ಹೊಲಿದಿದ್ದು ಬಿಳಿ ದಾರದಲ್ಲಿ, ಒತ್ತೊತ್ತಾಗಿ. ಇದು ಕಪ್ಪು ದಾರ, ಸೊಟ್ಟಪಟ್ಟ ಮಾರುದ್ದದ ಹೊಲಿಗೆ. ಚಿಕ್ಕಂದಿನಲ್ಲಿ ಎಷ್ಟು ಕಿವಿ ಹಿಂಡಿದರೂ ತಂಗಿ ತಿದ್ದಿಕೊಳ್ಳದಿದ್ದ ಹೊಲಿಗೆ.

ಸ್ಟಾಂಪು ಅವಳ ಹೆಬ್ಬೆರಳಿಗೇ ಅಂಟಿಕೊಂಡಿತ್ತು.

"ಕತ್ತರಿ ಇದ್ರೆ ಕೊಡಪ್ಪ," ಎಂದಳು.