ಹದಿನೆಂಟು ಅಡಿಯ ಕಾರು

ಧಣಿ ಯಾರನ್ನೂ ಯಾವುದನ್ನೂ ಎರಡು ಸಲ ಕೇಳಿದವನಲ್ಲ. ಮುದುಕನ ಹಳೇ ಅಮೆರಿಕನ್ ಕಾರನ್ನು ಮಾತ್ರ ಇಪ್ಪತ್ತು ವರ್ಷ ಕೇಳಿದ. ಹದಿನೆಂಟು ಅಡಿ ಉದ್ದ, ಕಪ್ಪು ಗಾಜು, ಸೋಫಾದಂಥ ಸೀಟು. ಮುದುಕ ಮಾರಲಿಲ್ಲ, ಸ್ಟಿಯರಿಂಗ್ ಮುಟ್ಟಲೂ ಬಿಡಲಿಲ್ಲ. ಕೊನೆಗೆ ಧಣಿ ಪಿಸ್ತೂಲಿನವನನ್ನು ಕರೆಸಿದ.

"ಮುದುಕ ಹೋದ್ರೆ ಅವನ ಮಗ ನಾಳೇನೇ ಮಾರ್ತಾನೆ. ಬೆಳಿಗ್ಗೆ ರೈಲ್ವೆ ಗೇಟಲ್ಲಿ ಕಾರು ನಿಲ್ಲತ್ತೆ. ಪಕ್ಕದಲ್ಲಿ ನಾನಿರ್ತೀನಿ. ಡ್ರೈವರ್ ಕಡೆ ಗಾಜಿಗೇ ಹೊಡಿ."

"ನೀವ್ಯಾಕೆ ಧಣಿ ಒಳಗೆ?"

"ಇಲ್ಲಾಂದ್ರೆ ಅವನನ್ನ ಆ ದಾರಿಗೆ ಯಾರು ಕರ್ಕೊಂಡು ಬರ್ತಾರೆ? ಅದೂ ಅಲ್ದೆ, ಆ ಸೀಟಲ್ಲಿ ಒಂದ್ಸಲ ಕೂರ್ಬೇಕು ಕಣೋ. ಗಾಜು ಹೋಗ್ಲಿ, ಗಾಡಿಗೆ ಗೀರು ಬಿತ್ತೋ, ನಿನ್ನ ಚರ್ಮ ಸುಲೀತೀನಿ."

"ಹದಿನಾಲ್ಕು ಜನರನ್ನ ಹೊಡ್ದಿದೀನಿ ಧಣಿ, ಎಲ್ಲಾ ಡ್ರೈವರ್ ಸೀಟಲ್ಲೇ."

ಬೆಳಿಗ್ಗೆ ಗೇಟು ಹಾಕಿತ್ತು. ಕಾರು ಬಂದು ನಿಂತಿತು. ಪಿಸ್ತೂಲಿನವನು ಎಂದಿನಂತೆ ಬಲಗಡೆಯ ಕಿಟಕಿಗೆ ಹೋಗಿ ಮೂರು ಗುಂಡು ಹಾರಿಸಿದ. ಗಾಜು ಉದುರಿತು, ಮುಂದಿನ ಸೀಟೆಲ್ಲ ರಕ್ತವಾಯಿತು. ಗಾಡಿಗೆ ಒಂದು ಗೀರೂ ಬೀಳಲಿಲ್ಲ.

ಬಗ್ಗಿ ನೋಡಿದ. ಎಡಗಡೆ ಕೂತಿದ್ದ ಮುದುಕ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಇವನನ್ನೇ ನೋಡುತ್ತಿದ್ದ.