ಬಾಯಿಗೆ ಬಾರದ ಹೆಸರು

ಅಧ್ಯಕ್ಷ ಸ್ಥಾನದ ಚುನಾವಣೆ ಗೆದ್ದ ನಾಲ್ಕನೇ ದಿನಕ್ಕೇ ಮೀರಾಳ ಕೈಗೆ ಸಹಿಯಿಲ್ಲದ ಕಾಗದವೊಂದು ಬಂತು. ಉತ್ತರ ಕರ್ನಾಟಕದ ಮೂವತ್ತು ಮನೆಗಳು ಲಂಡನ್ನಿನ ಕೆಂಟನ್ ಕನ್ನಡ ಕೂಟದಿಂದ ಬೇರೆಯಾಗುತ್ತವಂತೆ. ಆ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಹೋಗುತ್ತದೋ ಉಳಿಯುತ್ತದೋ ಎಂದು ಇಡೀ ದೇಶ ತಲೆ ಕೆಡಿಸಿಕೊಂಡಿತ್ತು. ಈಗ ಕೂಟಕ್ಕೂ ಅದೇ ಗಾಳಿ.

"ಕೂಟ ಒಡೆದರೆ ಅಂದೇ ಕುರ್ಚಿ ಬಿಡುತ್ತೇನೆ" ಎಂದು ವೇದಿಕೆಯ ಮೇಲೆ ಮಾತು ಕೊಟ್ಟವಳು ಅವಳೇ. ಮೈಸೂರಿನ ಈ ಡಾಕ್ಟರ್ ಕೂಡಲೇ ಸಮಿತಿಯವರಿಗೆ ಕಾಗದ ತೋರಿಸಿದಳು.

ಉಪಾಧ್ಯಕ್ಷ ವೀರಣ್ಣ ಮಾತ್ರ ಅಲುಗಲಿಲ್ಲ. ಹುಬ್ಬಳ್ಳಿ ಕಡೆಯ ಮತಗಳನ್ನು ಅವಳಿಗೆ ತಂದುಕೊಟ್ಟವರೇ ಅವರು. "ಸೋತ ಗಣಪಯ್ಯನ ಕೈವಾಡ ಐತ್ರಿ ಇದು," ಎಂದರು. ಕುಂದಾಪುರದವರಾದ, ಹೋಟೆಲು ನಡೆಸುವ ಗಣಪಯ್ಯನವರನ್ನು ಕೂಟದಿಂದ ತೆಗೆದುಹಾಕುವ ಪತ್ರವನ್ನೂ ಬರೆದುಕೊಟ್ಟರು. ಸಹಿಯೊಂದೇ ಬಾಕಿ.

ತಪ್ಪು ಮನುಷ್ಯನ ಮೇಲೆ ಸಹಿ ಬಿದ್ದರೆ ಕರಾವಳಿಯವರೂ ಎದ್ದು ಹೋಗುವುದು ಖಂಡಿತ. ಮೀರಾ ಒಬ್ಬಳೇ ಚನ್ನಬಸವ್ವನ ಮನೆಗೆ ಹೊರಟಳು. ಬೇರೆಯಾಗುವವರ ಗುಟ್ಟಿನ ಸಭೆ ನಡೆದದ್ದು ಧಾರವಾಡದ ಈ ಮುದುಕಿಯ ಮಗನ ಮನೆಯಲ್ಲಿ. "ಆ ಮುದುಕಿಗೆ ಅರಳು ಮರಳು, ಹೋಗಬ್ಯಾಡ್ರಿ," ಎಂದಿದ್ದರು ವೀರಣ್ಣ.

ಚನ್ನಬಸವ್ವ ಗೋಡೆಯ ಮೇಲಿದ್ದ ಗಂಡನ ಫೋಟೋಗೆ ಹೊಸ ಮಾಲೆ ಹಾಕುತ್ತಿದ್ದಳು. "ಬರ್ರಿ ಡಾಕ್ಟ್ರವ್ವ, ಕೂಡ್ರಿ."

ಅರಳು ಮರಳೆಲ್ಲಿಯದು! ವೇಣುಗೋಪಾಲ, ವಿಶ್ವನಾಥ ಎಂದು ಸಭೆಗೆ ಬಂದವರ ಹೆಸರನ್ನೆಲ್ಲ ಪಟಪಟನೆ ಒಪ್ಪಿಸಿದಳು. ಯಾರು ಎಷ್ಟು ಕಪ್ ಚಹಾ ಕುಡಿದರೆಂಬುದೂ ನೆನಪಿತ್ತು.

"ಇವರನ್ನೆಲ್ಲ ಸೇರಿಸಿದ್ದು ಯಾರಮ್ಮ?"

ಮುದುಕಿ ತಟಕ್ಕನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಆ ಹೆಸರು ನನ್ನ ಬಾಯಾಗ ಬರೂದಿಲ್ಲ ಯವ್ವಾ."

"ಯಾರಾದ್ರೂ ಹೆದರಿಸಿದ್ದಾರಾ?"

"ನನಗ್ಯಾರು ಹೆದರಸ್ತಾರ? ಐವತ್ತು ವರ್ಷದಿಂದ ಆ ಹೆಸರು ತಗೊಂಡಿಲ್ಲ, ಈಗ್ಯಾಕ ತಗೊಳ್ಳಲಿ?"

ಐವತ್ತು ವರ್ಷವೇ? ಕೂಟ ಹುಟ್ಟಿ ಇನ್ನೂ ಹತ್ತಾಗಿಲ್ಲ. ವೀರಣ್ಣ ಹೇಳಿದ್ದೇ ನಿಜವೇನೋ ಎಂದು ಮೀರಾಳಿಗೆ ಬೇಸರವಾಯಿತು. ಅಷ್ಟರಲ್ಲಿ ಮೊಬೈಲಿಗೆ ಅವರದೇ ಮೆಸೇಜು ಬಂತು: 'ಸಹಿ ಆತೇನ್ರಿ?'

ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಮೀರಾ ಪತ್ರ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದಳು. "ಗಣಪಯ್ಯನವರೇ ತಾನೇ, ಅಮ್ಮ?"

"ಗಣಪಯ್ಯ?" ಮುದುಕಿ ಬಾಯಿತುಂಬ ನಕ್ಕಳು. "ಆ ಹೆಸರು ಬೇಕಾದ್ರ ನೂರು ಸಲ ಅಂತೀನಿ ತಗೋ. ಗಣಪಯ್ಯ, ಗಣಪಯ್ಯ!"

ಪೆನ್ನು ನಿಂತಿತು. ಮೀರಾ ನಿಧಾನವಾಗಿ ತಲೆಯೆತ್ತಿ ಗೋಡೆಯತ್ತ ನೋಡಿದಳು.

ಹೊಸ ಮಾಲೆಯ ಕೆಳಗೆ, ಫೋಟೋದ ಅಡಿಯಲ್ಲಿ ಬಿಳಿ ಅಕ್ಷರಗಳಲ್ಲಿ ಬರೆದಿತ್ತು: ಲಿಂಗೈಕ್ಯ ಶ್ರೀ ವೀರಣ್ಣ.