ಸಂಜೆ ತುಂಬುವ ಕಂಪ್ಯೂಟರು

“ಪೆನ್ ಡ್ರೈವ್ ತಾ ಇಲ್ಲೆ.”

ದೀಪಾ ಅಂಗೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ದಿನವಿಡೀ ಮಾಲು ಇಳಿಸಿ ಬಂದ ಅಣ್ಣ ಪಾಂಡು ಇನ್ನೂ ಚಪ್ಪಲಿ ಕಳಚಿರಲಿಲ್ಲ.

“ಯಾಕವಾ? ಏನ್ ಕಳವು ಮಾಡೇನಿ ನಾ?”

“ಜಾಗ.”

ವಾರದಿಂದ ಇದೇ ಗೋಳು. ಫಾತೋರ್ಡಾದ ಆ ಒಂದೂವರೆ ಕೋಣೆಯ ಮನೆಗೆ ಬಂದ ಹಳೇ ಕಂಪ್ಯೂಟರಿನೊಳಗೆ ಜಾಗ ಮಾಯವಾಗುತ್ತಿತ್ತು. ಅದೂ ಸಂಜೆಯೇ. ಇಳಿಬಿಸಿಲಿನಲ್ಲಿ ದೀಪಾ ತಾಯಿ ಹೊಲಿದ ಕನ್ನಡಿ ಕಸೂತಿಯ ಚೀಲಗಳ ವಿಡಿಯೊ ತೆಗೆಯುವಳು. ಕಂಪ್ಯೂಟರಿಗೆ ಇಳಿಸಿ, ಕೈ ನಡುಗಿದ್ದು, ನಾಯಿ ಅಡ್ಡ ಬಂದದ್ದು ಎಲ್ಲ ಅಳಿಸುವಳು. ಎಷ್ಟು ಅಳಿಸಿದರೂ ಡಿಸ್ಕಿನ ಪಟ್ಟಿ ಕೆಂಪಗೇ ಇರುವುದು. ಉಳಿದ ತುಣುಕುಗಳನ್ನು ಕೂಡಿಸಹೋದರೆ ಜಾಗವಿಲ್ಲ ಎಂಬ ಒಂದೇ ಉತ್ತರ. ಬೆಳಿಗ್ಗೆ ಹೊಲಿಗೆ ಅಂಗಡಿಗೆ ಓಡುವ ಮುಂಚೆ ಇಣುಕಿದರೆ ಪಟ್ಟಿ ತಣ್ಣಗೆ ನೀಲಿ!

ಲೆಕ್ಕ ಸರಳವಾಗಿತ್ತು. ಸಂಜೆ ಪಾಂಡು ಬರುತ್ತಾನೆ, ಡಿಸ್ಕು ತುಂಬುತ್ತದೆ. ಬೆಳಿಗ್ಗೆ ಪಾಂಡು ಹೋಗುತ್ತಾನೆ, ಖಾಲಿಯಾಗುತ್ತದೆ. ಅವನ ಕೊರಳಲ್ಲಿ ತಾಯತದಂತೆ ಒಂದು ಪೆನ್ ಡ್ರೈವ್ ತೂಗುತ್ತದೆ. ಸಿನಿಮಾ ತುಂಬಿಸಿ ನೋಡಿ, ಬೆಳಿಗ್ಗೆ ಎತ್ತಿಕೊಂಡು ಹೋಗುತ್ತಾನೆ. ಇನ್ನೇನು ಬೇಕು ಸಾಕ್ಷಿ?

“ತಗೋ ನಿನ್ನ ಕಡ್ಡಿ,” ಪಾಂಡು ಕೊರಳಿಂದ ಕಿತ್ತು ಕೊಟ್ಟ. “ಇವತ್ತ ನಾ ಆ ಡಬ್ಬಿ ಮುಟ್ಟಂಗಿಲ್ಲ. ಇಲ್ಲೇ ಕೈ ಕಟ್ಟಿ ಕುಂಡರತೇನಿ, ನೋಡಕೋತ ಇರು.” ಹಾಗೆಂದು ಹೊಸ್ತಿಲ ಮೇಲೆ ಕುಳಿತ.

“ಏಳೋ! ದೀಪ ಹಚ್ಚೂ ಹೊತ್ತಿನ್ಯಾಗ ಹೊಸ್ತಿಲ ಮ್ಯಾಲೆ ಕುಂಡರತಾರೇನು?” ಒಳಗಿನಿಂದ ತಾಯಿ ಕೇಸರಿಬಾಯಿಯ ದನಿ ಬಂತು. ಪಾಂಡು ಎದ್ದು ಗೋಡೆಗೆ ಒರಗಿದ.

ಕೇಸರಿಬಾಯಿಗೆ ಓದು ಬರಹ ಬಾರದು. ಹತ್ತೊಂಬತ್ತು ವರ್ಷ ಕೋಲ್ವಾ ಕಡಲತೀರದ ಮರಳಿನಲ್ಲಿ ಚೀಲಗಳ ಗಂಟು ಹೊತ್ತು ತಿರುಗಿದವಳು. ಈಗ ಮೊಣಕಾಲು ಊದಿಕೊಳ್ಳುತ್ತಿತ್ತು. ಕಂಪ್ಯೂಟರು ಬಂದ ದಿನ ತೆರೆಯ ಮೇಲಿನ ಒಂದೊಂದು ಚಿತ್ರಕ್ಕೂ ಬೆರಳಿಟ್ಟು, ಇದೇನು, ಇದರಿಂದೇನು ಎಂದು ಕೇಳಿದ್ದಳು. ರಿಪೇರಿ ಅಂಗಡಿಯ ರಫೀಕ ಬೇಸರಿಸದೆ ಒತ್ತಿ ಒತ್ತಿ ತೋರಿಸಿದ್ದ. ಆಮೇಲೆ ಆ ಯಂತ್ರದ ಜೊತೆ ಅವಳ ಸಂಬಂಧ ಬೆಳಗಿನದು ಮಾತ್ರ. ಅಂಗಳ ಉಡುಗಿ ಬಂದು, ಅದನ್ನೂ ಅರಿವೆಯಿಂದ ಒರೆಸಿ, ಅದರಲ್ಲಿ ಲಂಬಾಣಿ ಗುರು ಸೇವಾಲಾಲರ ಭಜನೆ ಹಚ್ಚುವಳು.

ಇಂದಿನ ಸಂಜೆ ಮಾತ್ರ ಹುಡುಗಾಟದ್ದಲ್ಲ. ಮಡಗಾಂವ್‌ನ ಕರಕುಶಲ ಮಾರುಕಟ್ಟೆಯಲ್ಲಿ ಒಂದು ಮಳಿಗೆ ಖಾಲಿಯಿತ್ತು. ಕೆಲಸ ತೋರಿಸುವ ಐದು ನಿಮಿಷದ ವಿಡಿಯೊ ಎಂಟು ಗಂಟೆಯೊಳಗೆ ತಲುಪಬೇಕು. ಆರಿಸಿದರೆ ಕೇಸರಿಬಾಯಿ ಇನ್ನು ಮರಳು ತುಳಿಯಬೇಕಿಲ್ಲ. ನೆರಳಲ್ಲಿ ಕೂತು ಮಾರಬಹುದು.

ಏಳಕ್ಕೆ ಹತ್ತು ನಿಮಿಷವಿತ್ತು. ಅಂದಿನ ವಿಡಿಯೊ ಇಳಿಸಿ, ಬೇಡದ್ದನ್ನೆಲ್ಲ ಅಳಿಸಿದರೂ ಪಟ್ಟಿ ಮತ್ತೆ ಕೆಂಪಗಾಯಿತು. ಗೋಡೆಗೆ ಒರಗಿದ್ದ ಪಾಂಡು ಕಟ್ಟಿದ ಕೈ ಬಿಡಿಸಿರಲೇ ಇಲ್ಲ.

ದೀಪಾ ರಫೀಕನಿಗೆ ಫೋನು ಹಚ್ಚಿದಳು. ಸಿಟ್ಟು ತೀರಿಸಿಕೊಳ್ಳಲು ಪೊರಕೆ ಹಿಡಿದು ನೆಲದ ನೂಲಿನ ಚೂರುಗಳನ್ನು ಬಾಗಿಲಿಗೆ ತಳ್ಳತೊಡಗಿದಳು.

“ಹೊರಗ ಬ್ಯಾಡ, ಮೂಲಿಗೆ ಸರಸು!” ದೇವರ ಮುಂದೆ ದೀಪ ಹಚ್ಚುತ್ತಿದ್ದ ಕೇಸರಿಬಾಯಿ ತಿರುಗದೆಯೇ ಗದರಿದಳು.

“ಯಾಡಿ, ನಿನಗ ಕಸದ ಚಿಂತಿ!” ದೀಪಾ ತಾಯಿಗೆ ಎದುರಾಡಿದಳು. “ನನಗ ಮಳಿಗೀ ಚಿಂತಿ.”

ರಫೀಕ ಅಂಗಡಿ ಬಿಟ್ಟು ಓಡಿ ಬಂದ. ಜಾಗದ ಈ ದೂರಿಗೆಂದೇ ಅವನು ವಾರದಲ್ಲಿ ಮೂರು ಸಲ ಬಂದಿದ್ದ. ಮೂರೂ ಸಲ ಮಧ್ಯಾಹ್ನ, ಊಟದ ಬಿಡುವಿನಲ್ಲಿ. ವೈರಸ್ ಹುಡುಕಿದ್ದ, ಮೂಲೆ ಮೂಲೆ ತಡಕಿದ್ದ. “ಜಾಗ ಬೇಕಾದಷ್ಟೈತಿ. ಕಸದ ಬುಟ್ಟಿ ಸುದ್ದಾ ತೊಳೆದಿಟ್ಟಂಗೈತಿ,” ಎಂದು ತಲೆ ಕೆರೆದುಕೊಂಡು ಹೋಗಿದ್ದ. ಸಂಜೆ ಬಂದದ್ದು ಇದೇ ಮೊದಲು.

ಮೊದಲು ಪಾಂಡುವಿನ ಪೆನ್ ಡ್ರೈವ್ ಚುಚ್ಚಿ ನೋಡಿದ. ಎರಡು ಹಾಡು, ಅಷ್ಟೇ. ಉಳಿದದ್ದೆಲ್ಲ ಖಾಲಿ.

“ನೋಡ್ದೇನು?” ಪಾಂಡುವಿನ ಎದೆ ಉಬ್ಬಿತು. “ತಪ್ಪಾತಣ್ಣಾ ಅನ್ನು.”

“ಆಮ್ಯಾಲೆ ಅಂತೇನಿ.”

ರಫೀಕ ಕಸದ ಬುಟ್ಟಿಯ ಚಿತ್ರದ ಮೇಲೆ ಒತ್ತಿದ. ತೆರೆಯ ತುಂಬ ನಡುಗುವ ಚೀಲಗಳು, ನಾಯಿಯ ಬಾಲಗಳು. “ಅಯ್ಯ! ಇಲ್ಲೇ ಐತಲ್ಲವಾ ನಿನ್ನ ಜಾಗ! ಅಳಿಸಿದ್ದೆಲ್ಲಾ ಈ ಬುಟ್ಟ್ಯಾಗ ಬಂದು ಬೀಳತೈತಿ. ಬುಟ್ಟಿ ಚೆಲ್ಲೂತನಕ ಜಾಗ ಬಿಡಂಗಿಲ್ಲ.”

“ನೀನಽ ಅಂದಿದ್ದ್ಯಲ್ಲ, ಬುಟ್ಟಿ ಖಾಲಿ ಐತಿ ಅಂತ?”

“ಮಧ್ಯಾಹ್ನ ಖಾಲಿನಽ ಇತ್ತು! ಅಲ್ಲಾನ ಆಣಿ!”

ಇಬ್ಬರೂ ಪಾಂಡುವನ್ನು ನೋಡಿದರು.

“ನನ್ನ ಯಾಕ ನೋಡ್ತೀರಿ? ತುಂಬಾವನೂ ನಾನು, ಚೆಲ್ಲಾವನೂ ನಾನು?”

“ಏಳೂಕಾಲಾತು. ಜಗಳ ಆಮ್ಯಾಲೆ,” ಎಂದ ರಫೀಕ. “ಜಾಗ ಸಿಕ್ಕರ ವಿಡಿಯೊ ಕೂಡಿಸಿ ಕಳಸೂದು ಹತ್ತು ನಿಮಿಷದ ಕೆಲಸ.” ಅವನ ಬೆರಳು ಮೌಸಿನ ಮೇಲೆ ಇಳಿಯುತ್ತಿತ್ತು. ಅಷ್ಟರಲ್ಲಿ ಮೊಣಕೈವರೆಗೆ ಬಳೆ ತುಂಬಿದ ಕೈಯೊಂದು ಹಿಂದಿನಿಂದ ಬಂದು ಅವನ ಕೈಯನ್ನು ಗಪ್ಪನೆ ಹಿಡಿಯಿತು.

“ದೀಪ ಹಚ್ಚಿದ ಮ್ಯಾಲೆ ಈ ಮನಿ ಕಸ ಹೊರಗ ಹೋಗಾಂಗಿಲ್ಲ,” ಎಂದಳು ಕೇಸರಿಬಾಯಿ. “ಅವಸರ ಇದ್ರ ಸದ್ಯಾ ಆ ಕಸಾ ಪಾಂಡೂನ ಕಡ್ಡ್ಯಾಗ ಸರಸಿಡು. ದಿನಾ ಮುಂಜಾನಿ ಅಂಗಳ ಉಡುಗಿ ಬಂದು ಈ ಬುಟ್ಟಿ ಚೆಲ್ಲತೇನಲ್ಲ, ನಾಳೆ ಅದನ್ನೂ ನಾನಽ ಚೆಲ್ಲತೇನಿ.”